ಇಂಗ್ಲಿಷು ಉಳಿದ ಬಗೆ: ನನ್ನದೇ ಒಂದು ಮಾತಿನ ತಿದ್ದುಪಡಿ

ಈ ಸಂಕಿರಣದ ಉಳಿದ ಪ್ರಬಂಧಗಳೆಲ್ಲ ಕನ್ನಡದ ಒಳನುಡಿಗಳನ್ನು ಕುರಿತವು. ನನ್ನದೊಂದು ಮಾತ್ರ ಇಂಗ್ಲಿಷನ್ನು ಕುರಿತದ್ದು. ಸಂಚಾಲಕರ ಪತ್ರ ಬಂದಾಗ "ಇದರಲ್ಲಿ ನನಗೆ ಎಂತ ಕೆಲಸ?" ಎಂದು ಮರು ಓಲೆ ಬರೆದಿದ್ದೆ. ನಾನು ವ್ಯಾಕರಣ ಪಂಡಿತನಲ್ಲ, ಊರೂರು ತಿರುಗಿ ಕ್ಷೇತ್ರಕಾರ್ಯ ಮಾಡಿದವನೂ ಅಲ್ಲ. ಕಾಸರಗೋಡಿನ ಒಂದು ಅಡಕೆ ತೋಟದ ಮನೆಯಲ್ಲಿ ಹುಟ್ಟಿ, ಒಳಗೆ ಹವ್ಯಕ ಭಾಷೆ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುತ್ತ ಬೆಳೆದು, ಕೊನೆಗೆ ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು. ಆದರೂ ಬರೆಯಲು ಒಪ್ಪಿದ್ದಕ್ಕೆ ಒಂದು ಕಾರಣ ಉಂಟು. ಹಿಂದೆ ಹಲವು ಸಭೆಗಳಲ್ಲಿ ಆಡಿದ ಒಂದು ಮಾತನ್ನು ನಾನು ತಿದ್ದಬೇಕಾಗಿದೆ.

ಆ ಮಾತು ಇದು. ಗಡಿನಾಡಿನ ಕನ್ನಡದ ಬಗ್ಗೆ ಎಲ್ಲಿ ಸಭೆಯಾದರೂ, ಇಂಗ್ಲಿಷ್ ಮಾಸ್ತರ ಎಂಬ ಕಾರಣಕ್ಕೆ ನನ್ನನ್ನೂ ವೇದಿಕೆಗೆ ಕರೆಯುತ್ತಿದ್ದರು. ನಾನು ಎದ್ದು ನಿಂತು, "1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಮುಂದೆ ಮುನ್ನೂರು ವರ್ಷ ಇಂಗ್ಲಿಷಿಗೆ ಅರಮನೆಯಲ್ಲಿ ಜಾಗ ಇರಲಿಲ್ಲ, ಕೋರ್ಟಿನಲ್ಲಿ ಇರಲಿಲ್ಲ, ಶಾಲೆಯಲ್ಲಿ ಇರಲಿಲ್ಲ. ಆದರೂ ಅದು ಸಾಯಲಿಲ್ಲ. ಇವತ್ತು ಲೋಕವನ್ನೇ ಆಳುತ್ತಿದೆ. ಹಾಗಾಗಿ ನಾವು ಧೈರ್ಯಗೆಡಬೇಕಾಗಿಲ್ಲ" ಎನ್ನುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು. ಒಮ್ಮೆ ಸಭೆ ಮುಗಿದು ಚಾ ಕುಡಿಯುವಾಗ ಒಬ್ಬ ವೃದ್ಧ ಪ್ರಾಥಮಿಕ ಶಾಲಾ ಮಾಸ್ತರರು ಹತ್ತಿರ ಬಂದು, "ನೀವು ಹೇಳಿದ್ದು ಚಂದ ಆಯ್ತು ಮಾಸ್ತರೇ. ಆದರೆ ಅಲ್ಲಿ ಫ್ರೆಂಚ್ ಮಾತಾಡುವವರು ಎಷ್ಟು ಜನ ಇದ್ದರು, ಇಂಗ್ಲಿಷ್ ಮಾತಾಡುವವರು ಎಷ್ಟು ಜನ?" ಎಂದು ಮೆಲ್ಲಗೆ ಕೇಳಿದರು. ನಾನು ನಕ್ಕು ಮಾತು ತೇಲಿಸಿದೆ. ಅವರು ಈಗಿಲ್ಲ. ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನು ತಡವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಇಂಗ್ಲಿಷಿನ ಹಳೆಯ ರೂಪ. ಕ್ರಿ.ಶ. 5ನೆಯ ಶತಮಾನದಲ್ಲಿ ಆಂಗಲ್, ಸ್ಯಾಕ್ಸನ್, ಜೂಟ್ ಎಂಬ ಜರ್ಮಾನಿಕ್ ಜನ ಕಡಲು ದಾಟಿ ಬ್ರಿಟನ್ನಿಗೆ ಬಂದರು. ಅವರು ತಂದ ನುಡಿಗೆ ಸಂಸ್ಕೃತ, ಲ್ಯಾಟಿನ್‌ಗಳ ನೆಂಟಸ್ತಿಕೆ ಇದೆ. ನಮ್ಮಲ್ಲಿ 'ಪಾಲು' ಹೋಗಿ 'ಹಾಲು' ಆದಂತೆ ಅವರಲ್ಲಿ ಪಕಾರ ಫಕಾರವಾಯಿತು. ಸಂಸ್ಕೃತದ 'ಪಿತೃ' ಅಲ್ಲಿ 'ಫಾದರ್', 'ಪಾದ' ಅಲ್ಲಿ 'ಫುಟ್'. ಯಾಕೋಬ್ ಗ್ರಿಮ್ 1822ರಲ್ಲಿ ಸೂತ್ರವಾಗಿಸಿದ್ದು ಇದನ್ನೇ. ಇದು ಎಲ್ಲರೂ ಬಲ್ಲ ವಿಷಯ, ಮುಂದೆ ಹೋಗೋಣ.

ಇಂದಿನ ಇಂಗ್ಲಿಷನ್ನು ಮಾತ್ರ ಬಲ್ಲವರಿಗೆ ನಂಬಲಾಗದ ಸಂಗತಿಯೆಂದರೆ, ಆ ಹಳೆಯ ಇಂಗ್ಲಿಷು ವಿಭಕ್ತಿಗಳಿಂದ ತುಂಬಿತ್ತು. ಕಲ್ಲಿಗೆ 'ಸ್ತಾನ್'. ಕಲ್ಲಿನ ಎನ್ನಲು 'ಸ್ತಾನೆಸ್', ಕಲ್ಲಿಗೆ ಎನ್ನಲು 'ಸ್ತಾನೆ', ಕಲ್ಲುಗಳು 'ಸ್ತಾನಸ್', ಕಲ್ಲುಗಳ 'ಸ್ತಾನ', ಕಲ್ಲುಗಳಿಗೆ 'ಸ್ತಾನುಂ'. ಇದು ಒಂದು ಬಗೆಯ ನಾಮಪದದ ಕಥೆ. ಇಂಥ ಹಲವು ಬಗೆಗಳಿದ್ದವು. ನಾವು "ನಾಯಿ ಹುಡುಗನನ್ನು ಕಚ್ಚಿತು" ಎಂದರೂ ಆಯಿತು, "ಹುಡುಗನನ್ನು ನಾಯಿ ಕಚ್ಚಿತು" ಎಂದರೂ ಆಯಿತು. ಕಚ್ಚಿದ್ದು ಯಾರು, ಕಚ್ಚಿಸಿಕೊಂಡದ್ದು ಯಾರು ಎಂದು ಪ್ರತ್ಯಯವೇ ಹೇಳುತ್ತದೆ. ಹಳೆಯ ಇಂಗ್ಲಿಷಿನಲ್ಲೂ ಹೀಗೆ ಪದ ಹಿಂದುಮುಂದಾಗಲು ಅವಕಾಶವಿತ್ತು. ಇಂದಿನ ಇಂಗ್ಲಿಷಿನಲ್ಲಿ ಪದಗಳನ್ನು ಅದಲುಬದಲು ಮಾಡಿದರೆ ಹುಡುಗನೇ ನಾಯಿಯನ್ನು ಕಚ್ಚಿಬಿಡುತ್ತಾನೆ. ಅಧೀನ ವಾಕ್ಯಗಳಲ್ಲಿ ಕ್ರಿಯಾಪದ ನಮ್ಮಂತೆ ಕೊನೆಗೆ ಬರುವುದೂ ಅಲ್ಲಿ ಸಾಮಾನ್ಯವಾಗಿತ್ತು.

ಲಿಂಗದ ವಿಚಾರ ಇನ್ನೂ ಸೋಜಿಗ. ಅಲ್ಲಿ ಸೂರ್ಯ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ. ಹೆಂಗಸು ಎಂಬರ್ಥದ 'ವೀಫ್', ಅಂದರೆ ಇಂದಿನ 'ವೈಫ್', ನಪುಂಸಕಲಿಂಗ. ಈ ಪಾಠ ಮಾಡುವಾಗ ವಿದ್ಯಾರ್ಥಿಗಳು ನಗುತ್ತಿದ್ದರು. ನಮ್ಮ ಹವ್ಯಕರ ಮಕ್ಕಳು ಮಾತ್ರ ನಗುತ್ತಿರಲಿಲ್ಲ, ಯಾಕೆಂದರೆ ಅವರು ಮನೆಯಲ್ಲಿ ದಿನಾ "ಅಕ್ಕ ಬಂತು", "ಅಬ್ಬೆ ಹೇಳಿತ್ತು" ಎನ್ನುವವರೇ. ಎರಡರ ಕಾರಣ ಬೇರೆ ಬೇರೆ, ನೆಂಟಸ್ತಿಕೆ ಹಚ್ಚಬೇಡಿ. ಆದರೆ ಶಿಷ್ಟ ರೂಪವೊಂದನ್ನೇ ಬಲ್ಲವನಿಗೆ ತಪ್ಪಾಗಿ ಕಾಣುವುದು ಒಳನುಡಿ ಬಲ್ಲವನಿಗೆ ಸಹಜವಾಗಿ ಕಾಣುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆಯಾಗಬಹುದು.

ಇಷ್ಟೆಲ್ಲ ಪ್ರತ್ಯಯಗಳು ಎಲ್ಲಿ ಹೋದವು? ನಾರ್ಮನ್ನರು ಬಂದು ಇಂಗ್ಲಿಷಿನ ವ್ಯಾಕರಣವನ್ನು ಮುರಿದರು ಎಂದು ನಮ್ಮ ಕಾಲದ ಗೈಡುಗಳಲ್ಲಿ ಬರೆದಿರುತ್ತಿತ್ತು. ನಾನೂ ಮೊದಮೊದಲು ಹಾಗೇ ಹೇಳಿಕೊಟ್ಟೆ. ಅದು ತಪ್ಪು. ಪ್ರತ್ಯಯಗಳು ಸಡಿಲವಾದದ್ದು ಮೊದಲು ಉತ್ತರದಲ್ಲಿ, ಅದೂ ಫ್ರೆಂಚ್ ಬರುವುದಕ್ಕೆ ಮುಂಚೆ. 10ನೆಯ ಶತಮಾನದಲ್ಲಿ ಆಲ್ಡ್ರೆಡ್ ಎಂಬ ಪಾದ್ರಿ ಲಿಂಡಿಸ್ಫಾರ್ನ್ ಸುವಾರ್ತೆಗಳ ಲ್ಯಾಟಿನ್ ಸಾಲುಗಳ ನಡುವೆ ಬರೆದ ಇಂಗ್ಲಿಷ್ ಅರ್ಥಗಳಲ್ಲೇ ಕೊನೆಯ ಸ್ವರಗಳು ಕಲಸಿಹೋಗಿವೆ. ಜರ್ಮಾನಿಕ್ ಭಾಷೆಗಳಲ್ಲಿ ಪದದ ಮೊದಲ ಅಕ್ಷರಕ್ಕೇ ಒತ್ತು ಬೀಳುವುದರಿಂದ ತುದಿ ಸವೆಯುವುದು ಒಂದು ಕಾರಣ. ಇನ್ನೊಂದು ಕಾರಣ ಡೇನರು.

793ರಲ್ಲಿ ಲಿಂಡಿಸ್ಫಾರ್ನ್ ಮಠವನ್ನು ಸುಲಿದವರು ಮುಂದೆ ಅಲ್ಲೇ ನೆಲೆಸಿದರು. 878ರಲ್ಲಿ ಆಲ್ಫ್ರೆಡ್ ದೊರೆ ಅವರನ್ನು ಎಡಿಂಗ್ಟನ್ನಿನಲ್ಲಿ ಸೋಲಿಸಿದರೂ ಪೂರ್ವ ಮತ್ತು ಉತ್ತರದ ನಾಡು ಅವರ ಕೈಯಲ್ಲೇ ಉಳಿಯಿತು. ಇವತ್ತಿಗೂ 'ಬಿ' ಎಂದು ಮುಗಿಯುವ ಊರುಗಳು, ಡರ್ಬಿ, ವಿಟ್ಬಿ, ಗ್ರಿಮ್ಸ್‌ಬಿ, ಆ ಕಡೆ ನೂರಾರು ಇವೆ. ಆ ನಾರ್ಸ್ ಭಾಷೆಗೂ ಇಂಗ್ಲಿಷಿಗೂ ಶಬ್ದದ ಬುಡ ಒಂದೇ, ತುದಿ ಬೇರೆ. ಒಂದೇ ಊರಿನಲ್ಲಿ ಕುದುರೆ ಕೊಳ್ಳುವವನು ಒಂದು ಪ್ರತ್ಯಯ ಹಚ್ಚಿದರೆ ಮಾರುವವನು ಇನ್ನೊಂದು ಹಚ್ಚುತ್ತಾನೆ. ವ್ಯಾಪಾರ ಕುದುರಬೇಕಾದರೆ ತುದಿಯನ್ನು ನುಂಗಿ ಬುಡವನ್ನು ಹೇಳಿದರೆ ಸಾಕು. ಇದು ಹೀಗೇ ಆಯಿತೆಂದು ಬರೆದಿಟ್ಟವರಿಲ್ಲ, ವಿದ್ವಾಂಸರಲ್ಲಿ ವಾದವೂ ನಿಂತಿಲ್ಲ. ಆದರೆ ಡೇನರು ನೆಲೆಸಿದ ಕಡೆಯೇ ಪ್ರತ್ಯಯಗಳು ಬೇಗ ಹೋದದ್ದು ಬರಹಗಳಲ್ಲಿ ಕಾಣುತ್ತದೆ. ಬೇರೆ ಭಾಷೆಯಿಂದ ಹಣ್ಣಿನ ಹೆಸರು, ಬಟ್ಟೆಯ ಹೆಸರು ಬರುವುದು ದೊಡ್ಡದಲ್ಲ. ಇಲ್ಲಿ ಸರ್ವನಾಮವೇ ಬಂತು. 'ದೇ', 'ದೆಮ್', 'ದೇರ್' ಎಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡುವ ಮೂರೂ ಡೇನರ ಸೊತ್ತು. ಸ್ಕೈ, ಸ್ಕಿನ್, ಲಾ, ವಿಂಡೋ, ಹಸ್ಬೆಂಡ್, ರಾಂಗ್, ಟೇಕ್ ಇವೂ ಹಾಗೆಯೇ.

ಒಂದೇ ಊರಲ್ಲಿ ಹಲವು ಮಾತು ಇದ್ದರೆ ವ್ಯಾಕರಣ ಎಷ್ಟರ ಮಟ್ಟಿಗೆ ಕೂಡಿಕೊಳ್ಳಬಹುದು ಎಂಬುದಕ್ಕೆ ಜಗತ್ತಿನ ಭಾಷಾವಿಜ್ಞಾನಿಗಳೆಲ್ಲ ಉದಾಹರಿಸುವ ಹಳ್ಳಿ ಇರುವುದು ಕನ್ನಡದ ಗಡಿಯಲ್ಲೇ. ಸಾಂಗ್ಲಿ ಜಿಲ್ಲೆಯ ಕುಪ್ವಾರ್ ಎಂಬ ಹಳ್ಳಿಯನ್ನು ಕುರಿತು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನ ಈ ಸಂಪುಟದ ಓದುಗರಲ್ಲಿ ಹಲವರಿಗೆ ಗೊತ್ತಿರುತ್ತದೆ. ಜೈನರದೂ ಲಿಂಗಾಯತರದೂ ಕನ್ನಡ, ಮುಸಲ್ಮಾನರದು ಉರ್ದು, ದಲಿತರದು ಮರಾಠಿ. ಶಬ್ದಗಳು ಬೇರೆಯಾಗಿಯೇ ಉಳಿದು ವಾಕ್ಯದ ಕಟ್ಟು ಮಾತ್ರ ಒಂದಾಗಿಬಿಟ್ಟಿದೆ. ಅಲ್ಲಿಯ ಉರ್ದು, ಮರಾಠಿಗಳಲ್ಲಿ ಲಿಂಗ ಕನ್ನಡದಂತೆ ಅರ್ಥವನ್ನು ನೋಡಿ ಬರುತ್ತದೆ. ಯಾರ್ಕಿನ ಸಂತೆಯಲ್ಲಿ ಸಾವಿರ ವರ್ಷದ ಹಿಂದೆ ಏನಾಯಿತೆಂದು ನೋಡಬೇಕಾದವರು ಸಾಂಗ್ಲಿ ಬಸ್ಸು ಹತ್ತಿದರೆ ಸಾಕು ಎಂದು ನಾನು ತರಗತಿಯಲ್ಲಿ ತಮಾಷೆ ಮಾಡುತ್ತಿದ್ದೆ. ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ಕುಪ್ವಾರಿನಲ್ಲಿ ಪ್ರತಿಯೊಂದು ಜನವೂ ಮನೆಮಾತನ್ನು ತನ್ನ ಗುರುತಾಗಿ ಇಟ್ಟುಕೊಂಡಿತು. ಇಂಗ್ಲೆಂಡಿನ ಡೇನರು ಇಂಗ್ಲಿಷಿನಲ್ಲಿ ಕರಗಿಹೋದರು.

ಇನ್ನು 1066. ಆ ವೃದ್ಧ ಮಾಸ್ತರರ ಪ್ರಶ್ನೆ ಬರುವುದು ಇಲ್ಲಿ. ನಾರ್ಮನ್ನರು ಎಷ್ಟು ಜನ? ದೊರೆ, ಸಾಮಂತರು, ಬಿಷಪ್ಪರು, ಅವರ ಪರಿವಾರ, ಸೈನಿಕರು, ಒಂದಿಷ್ಟು ವರ್ತಕರು. ಇಡೀ ದೇಶದ ಜನಸಂಖ್ಯೆಯಲ್ಲಿ ಅವರದು ತೀರಾ ಸಣ್ಣ ಪಾಲು. ಹೊಲ ಉಳುವವರು, ಹಾಲು ಕರೆಯುವವರು, ಆ ಸಾಮಂತರ ಮಕ್ಕಳನ್ನು ಎತ್ತಿ ಆಡಿಸುವ ದಾದಿಯರು, ಎಲ್ಲರೂ ಇಂಗ್ಲಿಷಿನವರು. ಒಂದೆರಡು ತಲೆಮಾರಿನಲ್ಲೇ ನಾರ್ಮನ್ ಮನೆಗಳಿಗೆ ಇಂಗ್ಲಿಷ್ ಸೊಸೆಯಂದಿರು ಬಂದರು. 13ನೆಯ ಶತಮಾನದ ನಡುವಿಗೆ ಬರುವಾಗ ವಾಲ್ಟರ್ ಆಫ್ ಬಿಬ್ಸ್‌ವರ್ತ್ ಎಂಬವನು ಒಬ್ಬ ಶ್ರೀಮಂತ ಮಹಿಳೆಗಾಗಿ ಪದ್ಯರೂಪದ ಪುಸ್ತಕವೊಂದನ್ನು ಬರೆದ. ಅದರ ಉದ್ದೇಶ ಆಕೆಯ ಮಕ್ಕಳಿಗೆ ಫ್ರೆಂಚ್ ಕಲಿಸುವುದು. ಸಾಲಿನ ನಡುವೆ ಕಷ್ಟಪದಗಳಿಗೆ ಇಂಗ್ಲಿಷ್ ಅರ್ಥ. ಅಂದರೆ ಆಳುವವರ ಮಕ್ಕಳ ತೊಟ್ಟಿಲ ಭಾಷೆಯೇ ಇಂಗ್ಲಿಷ್ ಆಗಿತ್ತು, ಫ್ರೆಂಚನ್ನು ಪುಸ್ತಕ ಇಟ್ಟು ಕಲಿಸಬೇಕಾಗಿತ್ತು! ನಾನು ಸಭೆಗಳಲ್ಲಿ ಹೇಳುತ್ತಿದ್ದ ಕಥೆಯಲ್ಲಿ ಈ ಪುಸ್ತಕ ಇರಲಿಲ್ಲ. ನಮ್ಮಲ್ಲಿ ಇಂದು ಪುಸ್ತಕ ಇಟ್ಟು ಕಲಿಸಬೇಕಾಗಿ ಬಂದಿರುವುದು ಯಾವ ಭಾಷೆಯನ್ನು, ಯಾರ ಮಕ್ಕಳಿಗೆ?

ಎರಡನೆಯದು, ಫ್ರೆಂಚಿನ ಬೇರು ಕಡಿದುಹೋಯಿತು. 1204ರಲ್ಲಿ ಜಾನ್ ದೊರೆ ನಾರ್ಮಂಡಿಯನ್ನು ಕಳೆದುಕೊಂಡ. ಎರಡೂ ಕಡೆ ಜಮೀನು ಇದ್ದ ಮನೆತನಗಳು ಒಂದು ದಡವನ್ನು ಆರಿಸಿಕೊಳ್ಳಬೇಕಾಯಿತು. ಆಮೇಲೆ ಫ್ರಾನ್ಸಿನೊಡನೆ ನೂರು ವರ್ಷದ ಯುದ್ಧ. ಫ್ರೆಂಚ್ ಎಂದರೆ ಶತ್ರುವಿನ ಮಾತು. 1348-49ರ ಮಹಾಮಾರಿಯಲ್ಲಿ ಜನ ಸತ್ತು ಕೂಲಿಯಾಳಿಗೆ ಬೆಲೆ ಬಂತು, ಅವನ ಮಾತಿಗೂ ಬಂತು. 1362ರಲ್ಲಿ ಕೋರ್ಟುಗಳಲ್ಲಿ ವಾದ ಇಂಗ್ಲಿಷಿನಲ್ಲಿ ನಡೆಯಲಿ ಎಂದು ಕಾಯಿದೆಯಾಯಿತು. ಕಾಯಿದೆಯ ಒಕ್ಕಣೆ ಮಾತ್ರ ಫ್ರೆಂಚಿನಲ್ಲಿ! 1399ರಲ್ಲಿ 4ನೆಯ ಹೆನ್ರಿ ಸಿಂಹಾಸನ ತನ್ನದೆಂದು ಸಾರಿದ್ದು ಇಂಗ್ಲಿಷಿನಲ್ಲಿ. 1417ರಿಂದ 5ನೆಯ ಹೆನ್ರಿಯ ಓಲೆಗಳು ಇಂಗ್ಲಿಷಿನಲ್ಲಿ ಹೊರಟವು. 1422ರಲ್ಲಿ ಲಂಡನ್ನಿನ ಬಿಯರು ಮಾಡುವವರ ಸಂಘ, ದೊರೆಯೇ ಹಾಗೆ ಬರೆಯುತ್ತಿರುವಾಗ ನಾವು ಯಾಕೆ ಬರೆಯಬಾರದು ಎಂದು ತನ್ನ ಲೆಕ್ಕಪುಸ್ತಕವನ್ನೂ ಇಂಗ್ಲಿಷಿಗೆ ತಿರುಗಿಸಿತು. ಆದರೆ ವಕೀಲರು ಅಷ್ಟು ಬೇಗ ಬಿಡುವ ಜನವೇ? 1631ರಲ್ಲಿ ಸಾಲಿಸ್ಬರಿಯಲ್ಲಿ ಕೈದಿಯೊಬ್ಬ ನ್ಯಾಯಾಧೀಶನ ಮೇಲೆ ಇಟ್ಟಿಗೆಯ ಹೆಂಟೆ ಎಸೆದ ಘಟನೆಯನ್ನು ಗುಮಾಸ್ತನೊಬ್ಬ ಅರ್ಧ ಫ್ರೆಂಚ್, ಅರ್ಧ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದಾನೆ. ನಮ್ಮ ಹಳೆಯ ದಸ್ತಾವೇಜುಗಳ ಭಾಷೆ ಕಂಡವರಿಗೆ ಇದು ಹೊಸದಲ್ಲ. ಕಾನೂನಿನ ಫ್ರೆಂಚ್ ಪೂರ್ತಿ ತೊಲಗಿದ್ದು 1733ರಲ್ಲಿ. ಇವತ್ತಿಗೂ ಮಸೂದೆಗೆ ದೊರೆಯ ಒಪ್ಪಿಗೆಯನ್ನು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಸಾರುವುದು ನಾರ್ಮನ್ ಫ್ರೆಂಚಿನಲ್ಲೇ.

ಎರವಲು ಮಾತುಗಳ ಬಗ್ಗೆಯೂ ಒಂದು ಸಂಗತಿ ಹೇಳಬೇಕು. ಮಧ್ಯಯುಗದಲ್ಲಿ ಇಂಗ್ಲಿಷಿಗೆ ಸುಮಾರು 10,000 ಫ್ರೆಂಚ್ ಪದಗಳು ಬಂದವೆಂದು ಚರಿತ್ರಕಾರರ ಅಂದಾಜು. ಅವು ಬಂದದ್ದು ಯಾವಾಗ? ಫ್ರೆಂಚಿನ ದರ್ಬಾರು ಜೋರಾಗಿದ್ದ ಮೊದಲ ನೂರು ವರ್ಷಗಳಲ್ಲಿ ಅಲ್ಲ, 1250ರಿಂದ 1400ರ ವರೆಗೆ. ಅಂದರೆ ದೊಡ್ಡವರು ಫ್ರೆಂಚ್ ಬಿಟ್ಟು ಇಂಗ್ಲಿಷಿಗೆ ಬರುವಾಗ. ತಾವು ಬರುವಾಗ ತಮ್ಮ ಮಾತಿನ ಗಂಟನ್ನೂ ಹೊತ್ತು ತಂದರು. ಹಾಗಾಗಿ ಮಲಯಾಳದ ಮಾತು ಸೇರಿತು, ಮರಾಠಿ ಸೇರಿತು ಎಂದು ನಮ್ಮ ಸಂಕಿರಣಗಳಲ್ಲಿ ಪ್ರತಿಸಲ ಪಟ್ಟಿ ಓದಿ ಮರುಗುವವರ ಜೊತೆ ನನಗೆ ಪೂರ್ತಿ ಸಹಮತ ಇಲ್ಲ. ಪದ ಸೇರುವುದರಿಂದ ಭಾಷೆ ಸಾಯುವುದಿಲ್ಲ. ಯಾವ ಕೆಲಸಕ್ಕೆ ಯಾವ ಭಾಷೆ ಸಾಕು ಎಂದು ಜನ ತೀರ್ಮಾನಿಸುತ್ತಾರೋ ಅಲ್ಲಿ ಕಣ್ಣಿಡಬೇಕು.

ಉಳಿದ ಇಂಗ್ಲಿಷು ಯಾವುದು ಎಂಬುದೂ ಒಂದು ಪ್ರಶ್ನೆ. ಮೇಲೆದ್ದು ಬಂದದ್ದು ಎಲ್ಲರ ಇಂಗ್ಲಿಷಲ್ಲ, ಲಂಡನ್ನಿನದು. 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ಇಟ್ಟ ವಿಲಿಯಂ ಕ್ಯಾಕ್ಸ್‌ಟನ್ 1490ರ ಒಂದು ಮುನ್ನುಡಿಯಲ್ಲಿ ಹೇಳುವ ಕಥೆ ಒಳನುಡಿ ಅಭ್ಯಾಸಿಗಳಿಗೆಲ್ಲ ಪ್ರಿಯವಾದದ್ದು. ಕೆಲವು ವರ್ತಕರು ಥೇಮ್ಸ್ ನದಿಯಿಂದ ಜೀಲೆಂಡಿಗೆ ಹೊರಟಿದ್ದರು. ಗಾಳಿ ಬೀಸದೆ ಕೆಂಟಿನ ದಡದಲ್ಲಿ ನಿಂತರು. ಶೆಫೀಲ್ಡ್ ಎಂಬ ಹೆಸರಿನ ಜವಳಿ ವರ್ತಕ ಒಂದು ಮನೆಗೆ ಹೋಗಿ 'ಎಗ್ಸ್' ಕೊಡಿ ಎಂದ. ಮನೆಯಾಕೆ, ತನಗೆ ಫ್ರೆಂಚ್ ಬರುವುದಿಲ್ಲ ಎಂದಳು. ವರ್ತಕನಿಗೆ ಸಿಟ್ಟು ಬಂತು. ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ! ಜೊತೆಗಿದ್ದವನೊಬ್ಬ 'ಐರೆನ್' ಎಂದಾಗ ಆಕೆಗೆ ಅರ್ಥವಾಯಿತು. ಯಾವ ಪದ ಅಚ್ಚು ಹಾಕಲಿ ಎಂದು ಕ್ಯಾಕ್ಸ್‌ಟನ್ ಗೋಳಾಡುತ್ತಾನೆ.

ಇಲ್ಲಿ ಸ್ವಾರಸ್ಯ ಏನೆಂದರೆ 'ಐರೆನ್' ಅಚ್ಚ ಇಂಗ್ಲಿಷು, 'ಎಗ್' ಡೇನರಿಂದ ಬಂದದ್ದು. ಆ ಹೆಂಗಸಿನ ಬಾಯಲ್ಲಿದ್ದದ್ದು ಸಾವಿರ ವರ್ಷದ ಹಳೆಯ ಮಾತು. ಗೆದ್ದದ್ದು ಎಗ್. ಐರೆನ್ ಹೇಳಹೆಸರಿಲ್ಲದೆ ಹೋಯಿತು. ಈ ಸಂಕಿರಣದ ಮೊದಲ ದಿನ ಊಟದ ಸಾಲಿನಲ್ಲಿ ನನ್ನ ಮುಂದಿದ್ದ ಅಕ್ಕಲಕೋಟೆಯ ವಿದ್ವಾಂಸರು ಬಡಿಸುವ ಹುಡುಗನಿಗೆ "ತತ್ತಿ ಅದ ಏನಪಾ?" ಎಂದು ಕೇಳಿದರು. ಹುಡುಗ ನನ್ನ ಮುಖ ನೋಡಿದ. ಮೊಟ್ಟೆ ತಿನ್ನದ ನಾನೇ "ಮೊಟ್ಟೆ ಉಂಟಾ ಅಂತ ಕೇಳ್ತಿದ್ದಾರೆ ಮಾರಾಯ" ಎಂದು ದುಭಾಷಿಯಾಗಬೇಕಾಯಿತು. ತುಳುವಿನಲ್ಲೂ 'ತೆತ್ತಿ' ಎನ್ನುತ್ತಾರೆ ಎಂದು ನಾನು ಅವರಿಗೆ ಹೇಳಿದೆ. ಅವರಿಗೆ ಬಹಳ ಸಂತೋಷವಾಯಿತು.

ಅಚ್ಚು ಬಂದ ಮೇಲೆ ಕಾಗುಣಿತ ನಿಂತಿತು, ಉಚ್ಚಾರ ಮಾತ್ರ ನಿಲ್ಲಲಿಲ್ಲ. ಸುಮಾರು 1400ರಿಂದ 1700ರ ವರೆಗೆ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. 'ನಾಮ' ಎಂಬಂತೆ ನುಡಿಯುತ್ತಿದ್ದದ್ದು 'ನೇಮ್', 'ಹೂಸ್' ಹೋಗಿ 'ಹೌಸ್'. ಬರಹ ಹಳೆಯದು, ಬಾಯಿ ಹೊಸದು. ನಮ್ಮ ಮಕ್ಕಳು ಕಾಗುಣಿತದಲ್ಲಿ ಪೆಟ್ಟು ತಿನ್ನುವುದು ಇದರಿಂದ. 'ಡೆಟ್' ಎಂಬ ಪದದೊಳಗಿನ ಬಕಾರವನ್ನು ಯಾರೂ ಎಂದೂ ಉಚ್ಚರಿಸಿದ್ದಿಲ್ಲ. ಲ್ಯಾಟಿನ್ ಬಲ್ಲ ಪಂಡಿತರು ಚಂದಕ್ಕೆ ಸೇರಿಸಿದ್ದು.

ಲಂಡನ್ ಗೆದ್ದಾಗ ಉಳಿದ ಒಳನುಡಿಗಳು ಗೇಲಿಯ ವಸ್ತುವಾದವು. ಯಾರ್ಕಿನ ಕಡೆಯ ಮಾತು ಕಿವಿಗೆ ಗೀರಿದಂತಿದೆ ಎಂದು 14ನೆಯ ಶತಮಾನದಲ್ಲೇ ಬರೆದವರಿದ್ದಾರೆ; ದೊರೆಗಳು ದಕ್ಷಿಣದಲ್ಲಿರುವುದೇ ಕಾರಣ ಎಂದೂ ಸೇರಿಸಿದ್ದಾರೆ. ಆದರೆ ಲಂಡನ್ ಕಳೆದುಕೊಂಡದ್ದನ್ನು ಯಾರ್ಕ್‌ಶೈರ್ ಇಟ್ಟುಕೊಂಡಿತು. ನಮ್ಮ ನೀನು-ನೀವು ಎಂಬಂತೆ ಇಂಗ್ಲಿಷಿನಲ್ಲೂ 'ದೌ'-'ಯೂ' ಇದ್ದವು. ಮರ್ಯಾದೆ ಮಿತಿಮೀರಿ ಎಲ್ಲರಿಗೂ 'ಯೂ' ಆಯಿತು, ಶಿಷ್ಟ ಇಂಗ್ಲಿಷಿನಲ್ಲಿ 'ನೀನು' ಸತ್ತಿತು. ಯಾರ್ಕ್‌ಶೈರಿನ ಹಳ್ಳಿಗಳಲ್ಲಿ ಅದು 20ನೆಯ ಶತಮಾನದಲ್ಲೂ ಜೀವಂತವಿತ್ತು. ಅದೇ ಯಾರ್ಕ್‌ಶೈರಿನ ಜೋಸೆಫ್ ರೈಟ್ ಹದಿನೈದು ವರ್ಷದವರೆಗೆ ಅಕ್ಷರ ಬಾರದ ಗಿರಣಿ ಹುಡುಗ. ಮುಂದೆ ಆಕ್ಸ್‌ಫರ್ಡಿನಲ್ಲಿ ತೌಲನಿಕ ಭಾಷಾಶಾಸ್ತ್ರದ ಪ್ರಾಧ್ಯಾಪಕನಾದ. 1898ರಿಂದ 1905ರ ವರೆಗೆ ಆರು ಸಂಪುಟಗಳ ಇಂಗ್ಲಿಷ್ ಒಳನುಡಿ ಕೋಶವನ್ನು ಹೊರತಂದ. ತನ್ನ ಊರಮಾತನ್ನು ಆತ ಬಿಟ್ಟುಕೊಡಲಿಲ್ಲ. ನಮ್ಮಲ್ಲಿ ಪದವಿ ಬಂದ ಮರುದಿನವೇ ಊರಮಾತು ಮರೆಯುವವರನ್ನು ನಾನು ಕಂಡಿದ್ದೇನೆ. ಆ ಸಾಲಿನಲ್ಲಿ ನಾನೂ ಕೆಲವು ಕಾಲ ಇದ್ದೆ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಹಳೆಯ ಭಾಷಣಕ್ಕೆ ಒಂದು ಅಡಿಟಿಪ್ಪಣಿ ಹಾಕಿದಷ್ಟೇ ಆಗುತ್ತಿತ್ತು. ನಾನು ಹೇಳದೆ ಬಿಟ್ಟದ್ದು ಅದೇ ದ್ವೀಪದ ಇನ್ನೊಂದು ಮೂಲೆಯ ಕಥೆ. ನೈಋತ್ಯದ ಕಾರ್ನ್‌ವಾಲಿನಲ್ಲಿ ಕಾರ್ನಿಷ್ ಎಂಬ ಕೆಲ್ಟಿಕ್ ಭಾಷೆ ಇತ್ತು. 1549ರಲ್ಲಿ ಇಂಗ್ಲಿಷ್ ಪ್ರಾರ್ಥನಾ ಪುಸ್ತಕವನ್ನು ಇಡೀ ರಾಜ್ಯದಲ್ಲಿ ಕಡ್ಡಾಯ ಮಾಡಿದಾಗ ಕಾರ್ನ್‌ವಾಲಿನ ಜನ ದಂಗೆ ಎದ್ದರು. ನಮ್ಮಲ್ಲಿ ಕೆಲವರಿಗೆ ಇಂಗ್ಲಿಷ್ ತಿಳಿಯುವುದಿಲ್ಲ ಎಂಬುದೂ ಅವರ ಅಹವಾಲಿನಲ್ಲಿತ್ತು. ದಂಗೆಯನ್ನು ಸೈನ್ಯ ಮುರಿಯಿತು. ಪ್ರಾರ್ಥನಾ ಪುಸ್ತಕ ಕಾರ್ನಿಷಿಗೆ ಅನುವಾದವಾಗಲೇ ಇಲ್ಲ. ಪಕ್ಕದ ವೇಲ್ಸಿನಲ್ಲಿ 1536ರಲ್ಲಿ ಕೋರ್ಟಿನಿಂದ ವೆಲ್ಷ್ ಭಾಷೆಯನ್ನು ಹೊರಹಾಕಿದರೂ ಇಗರ್ಜಿಗಾಗಿ 1567ರಲ್ಲಿ ಹೊಸ ಒಡಂಬಡಿಕೆಯೂ 1588ರಲ್ಲಿ ಇಡೀ ಬೈಬಲೂ ವೆಲ್ಷಿನಲ್ಲಿ ಬಂದವು. ವೆಲ್ಷ್ ಇವತ್ತಿಗೂ ಮನೆಮಾತಾಗಿ ಇದೆ. ಕಾರ್ನಿಷ್ ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಮನೆಮಾತಾಗಿ ನಿಂತಿತು. 1777ರಲ್ಲಿ ತೀರಿಕೊಂಡ ಮೌಸಲ್ ಎಂಬ ಹಳ್ಳಿಯ ಮೀನು ಮಾರುವ ಡಾಲಿ ಪೆಂಟ್ರೀತ್‌ಳ ಹೆಸರನ್ನು ಕೊನೆಯವಳೆಂದು ಹೇಳುವುದು ವಾಡಿಕೆ. ಆಮೇಲೆ ಇಪ್ಪತ್ತನೆಯ ಶತಮಾನದಲ್ಲಿ ಅದನ್ನು ಪುಸ್ತಕದಿಂದ ಎತ್ತಿ ಕಲಿತವರಿದ್ದಾರೆ, ಅದು ಬೇರೆ ಕಥೆ. ಫ್ರೆಂಚ್ ತನಗೆ ಮಾಡಲಾಗದ್ದನ್ನು ಇಂಗ್ಲಿಷು ನೆರೆಯವನಿಗೆ ಮಾಡಿತು. ಇನ್ನೂ ಒಂದು ವಿಪರ್ಯಾಸ: ಮಹಾಮಾರಿಯ ನಂತರ ಶಾಲೆಗಳಲ್ಲಿ ಫ್ರೆಂಚ್ ಬಿಟ್ಟು ಇಂಗ್ಲಿಷಿನಲ್ಲಿ ಪಾಠ ಹೇಳಲು ಶುರು ಮಾಡಿದವನು ಜಾನ್ ಕಾರ್ನ್‌ವಾಲ್ ಎಂಬ ಮೇಷ್ಟರು, ಅದನ್ನು 1385ರಲ್ಲಿ ದಾಖಲಿಸಿದ ಜಾನ್ ಟ್ರೆವೀಸಾ ಕೂಡ ಕಾರ್ನ್‌ವಾಲ್ ಮೂಲದವನೇ.

ನಮಗೆ ಇನ್ನೂ ಹತ್ತಿರವಾದದ್ದು ಉತ್ತರದ ಷೆಟ್ಲೆಂಡ್ ದ್ವೀಪಗಳ ಕಥೆ. ಅಲ್ಲಿಯ ಭಾಷೆ ನಾರ್ನ್, ಡೇನರ ಮಾತಿನ ಕುಲದ್ದು. ಡೆನ್ಮಾರ್ಕ್-ನಾರ್ವೆಗಳ ದೊರೆ ಕ್ರಿಶ್ಚಿಯನ್ ತನ್ನ ಮಗಳನ್ನು ಸ್ಕಾಟ್ಲೆಂಡಿನ ದೊರೆಗೆ ಮದುವೆ ಮಾಡಿಕೊಟ್ಟಾಗ ವರದಕ್ಷಿಣೆಗೆ ಹಣ ಸಾಲಲಿಲ್ಲ. 1468ರಲ್ಲಿ ಆರ್ಕ್ನಿಯನ್ನು 50,000 ಫ್ಲೋರಿನಿಗೆ, 1469ರಲ್ಲಿ ಷೆಟ್ಲೆಂಡನ್ನು 8,000 ಫ್ಲೋರಿನಿಗೆ ಅಡವಿಟ್ಟ. ಅಡವು ಬಿಡಿಸಲೇ ಇಲ್ಲ. ಅಲ್ಲಿಯ ಜನ ಎಲ್ಲಿಗೂ ಹೋಗಲಿಲ್ಲ, ಅದೇ ಮನೆ, ಅದೇ ಕಡಲು, ಅದೇ ಮಾತು. ಗಡಿಯ ಗೆರೆ ಮಾತ್ರ ಅವರನ್ನು ದಾಟಿ ಆಚೆ ಹೋಯಿತು. 1956ರ ನವೆಂಬರ್ 1ರಂದು ನಮ್ಮ ಹಿರಿಯರು ಮಲಗಿದಲ್ಲೇ ಮಲಗಿ ದಕ್ಷಿಣ ಕನ್ನಡದಿಂದ ಕೇರಳದಲ್ಲಿ ಎದ್ದದ್ದು ನನಗೆ ಪ್ರತಿಸಲ ನೆನಪಾಗುತ್ತದೆ. ನಾರ್ನಿನ ಮೇಲೆ ಯಾರೂ ಕತ್ತಿ ಎತ್ತಲಿಲ್ಲ. ಪಾದ್ರಿ ಸ್ಕಾಟ್ಲೆಂಡಿನಿಂದ ಬಂದ, ಭೂಮಾಲೀಕ ಅಲ್ಲಿಂದ ಬಂದ, 1611ರಲ್ಲಿ ಹಳೆಯ ನಾರ್ಸ್ ಕಾನೂನು ರದ್ದಾಯಿತು, ಕಾಗದಪತ್ರ ಬದಲಾಯಿತು. ಹದಿನೆಂಟನೆಯ ಶತಮಾನದಲ್ಲಿ ಅದು ಅಜ್ಜಂದಿರ ಮಾತಾಗಿ, ಆಮೇಲೆ ಒಂದಷ್ಟು ಒಗಟು, ಗಾದೆಯಾಗಿ ಉಳಿಯಿತು.

ಈ ಹೋಲಿಕೆಯನ್ನೂ ಎಳೆದು ಹಿಗ್ಗಿಸಬಾರದು. ಷೆಟ್ಲೆಂಡಿನ ಬೆನ್ನಿಗೆ ಇದ್ದ ನಾರ್ವೆಯಲ್ಲೇ ಬರಹದ ಭಾಷೆ ಡ್ಯಾನಿಷ್ ಆಗಿಬಿಟ್ಟಿತ್ತು. ನಮ್ಮ ಬೆನ್ನಿಗೆ ಒಂದು ರಾಜ್ಯ, ಪಠ್ಯಪುಸ್ತಕ, ಪತ್ರಿಕೆ, ಯಕ್ಷಗಾನ ಎಲ್ಲ ಉಂಟು. ಕಾಸರಗೋಡಿನದೂ ಜತ್ತಿನದೂ ನೀಲಗಿರಿಯ ಬಡಗರದೂ ಒಂದೇ ಸ್ಥಿತಿಯಲ್ಲ. ಆದರೆ ಆ ವೃದ್ಧ ಮಾಸ್ತರರಿಗೆ ನಾನು ಕೊಡಬೇಕಾಗಿದ್ದ ಉತ್ತರ ಇಷ್ಟು: "ಹೌದು ಮಾಸ್ತರೇ, ಅಲ್ಲಿ ಇಂಗ್ಲಿಷಿನವರೇ ತುಂಬಾ ಜನ, ಫ್ರೆಂಚಿನವರು ಬೆರಳೆಣಿಕೆ. ನಾನು ಹೇಳಿದ ಹೋಲಿಕೆ ನಮಗೆ ಸಲ್ಲುವುದಿಲ್ಲ. ಹೋಲಿಸಲೇಬೇಕಾದರೆ ಕಾರ್ನ್‌ವಾಲಿಗೆ, ಷೆಟ್ಲೆಂಡಿಗೆ ಹೋಲಿಸಬೇಕಿತ್ತು." ಅದನ್ನು ಹೇಳಿದ್ದರೆ ಚಪ್ಪಾಳೆ ಬೀಳುತ್ತಿರಲಿಲ್ಲ.

ಷೆಟ್ಲೆಂಡಿನ ಬಗ್ಗೆ ಇನ್ನೊಂದು ಮಾತು. 1893ರಲ್ಲಿ ಫೆರೋ ದ್ವೀಪಗಳ ಯಾಕೋಬ್ ಯಾಕೋಬ್ಸನ್ ಎಂಬ ವಿದ್ವಾಂಸ ಅಲ್ಲಿಗೆ ಬಂದ. ಆಗ ನಾರ್ನ್ ಮಾತಾಡುವವರು ಒಬ್ಬರೂ ಉಳಿದಿರಲಿಲ್ಲ. ಆದರೂ ಮೂರು ವರ್ಷ ಮನೆಮನೆ ತಿರುಗಿ ಸುಮಾರು 10,000 ನಾರ್ನ್ ಶಬ್ದಗಳನ್ನು ಕೂಡಿಹಾಕಿದ. ಗಾಳಿಯ ಬಗೆಗಳು, ಕುರಿಯ ಬಣ್ಣಗಳು, ದೋಣಿಯ ಭಾಗಗಳು. ಹೆಚ್ಚಿನವು ಸಿಕ್ಕಿದ್ದು ಮೀನುಗಾರರಲ್ಲಿ. ಕಡಲಿಗೆ ಇಳಿದ ಮೇಲೆ ಕೆಲವು ವಸ್ತುಗಳನ್ನು ನೆಲದ ಹೆಸರಿನಿಂದ ಕರೆಯಬಾರದು, ಅಪಶಕುನ ಎಂಬ ಕಟ್ಟಳೆ ಅವರಲ್ಲಿತ್ತು. ಹಾಗಾಗಿ ದೋಣಿಯಲ್ಲಿ ಮಾತ್ರ ಅವರು ಮುತ್ತಜ್ಜಂದಿರ ಪದಗಳನ್ನು ಆಡುತ್ತಿದ್ದರು.

ಇದನ್ನು ಓದಿದ ಮೇಲೆ ನಾನು ಸೋದರತ್ತೆಯ ಹತ್ತಿರ ಕುಳಿತು ತೋಟದ ಶಬ್ದಗಳನ್ನು ಬರೆದುಕೊಳ್ಳಲು ಶುರು ಮಾಡಿದೆ. ಇಂಗ್ಲಿಷಿನ 'ಅರೆಕಾ' ಎಂಬ ಪದವೇ ನಮ್ಮ ಈ ಕರಾವಳಿಯಿಂದ ಪೋರ್ಚುಗೀಸರ ಬಾಯಿ ಸೇರಿ ಅಲ್ಲಿಗೆ ಹೋದದ್ದು. ನನಗೆ ಅದರ ವ್ಯುತ್ಪತ್ತಿ ಗೊತ್ತಿತ್ತು, ಪಟೋರಕ್ಕೂ ಉಳ್ಳಿಗೂ ಕರಿಗೋಟಿಗೂ ಇರುವ ವ್ಯತ್ಯಾಸ ಸರಿಯಾಗಿ ಗೊತ್ತಿರಲಿಲ್ಲ. ಅತ್ತೆ ಅಂಗೈಯಲ್ಲಿ ಅಡಕೆ ಹಿಡಿದು ತೋರಿಸಿದರು. ಹಾಳೆ, ಸೋಗೆ, ಹಿಂಗಾರ ಎಂದು ಹೊರಟದ್ದು ಈಗ ನಾನ್ನೂರು ದಾಟಿದೆ. ಅತ್ತೆಗೆ ಎಂಬತ್ತೇಳು, ಮಧ್ಯಾಹ್ನದ ನಿದ್ದೆ ಆದ ಮೇಲೆ ನೆನಪು ಚೆನ್ನಾಗಿರುತ್ತದೆ. ಅಕ್ಕಲಕೋಟೆಯ ಆ ತತ್ತಿಯ ವಿದ್ವಾಂಸರು ಜೋಳದ ಹೊಲದ ಮಾತುಗಳನ್ನು ಬರೆದು ಕಳಿಸುತ್ತೇನೆ ಅಂದಿದ್ದಾರೆ, ವಿಳಾಸ ಕೊಟ್ಟು ಬಂದಿದ್ದೇನೆ.